ಸೋಮವಾರದ ನೀರು

ನನ್ನ ಮಗಳು ಇಳಿದ ನೀರನ್ನು ಹೊರಗೆ ಬಿಟ್ಟ ಮೇಲೆ ಆ ತೊಟ್ಟಿಯನ್ನು ತಿಕ್ಕಿ ತೊಳೆಯುವವಳು ನಾನೇ. ಪ್ರತಿ ಸೋಮವಾರ ಇದೇ ಕೆಲಸ. ಮೊದಲು ಮಗಳನ್ನು ನೀರಿಗೆ ಇಳಿಸುವುದು. ಆಮೇಲೆ ಅವಳು ಮುಟ್ಟಿದ ಗೋಡೆಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದು. ಬಹಳ ದಿನ ನನಗೆ ಇದರಲ್ಲಿ ಎಂತದೂ ತಪ್ಪು ಕಾಣಲಿಲ್ಲ. ದುಡಿದು ಸುಸ್ತಾದವರ ತಲೆ ಅಷ್ಟು ಬೇಗ ಓಡುವುದಿಲ್ಲ.

ಮುರ್ಡೇಶ್ವರದ ಕಡಲ ಬದಿಯ ಒಂದು ರೆಸಾರ್ಟಿನಲ್ಲಿ ನನಗೆ ಕೆಲಸ. ಹೆಸರು ಲಕ್ಕಿ. ರೂಮು ಗುಡಿಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಸಂಡಾಸು ತೊಳೆಯುವುದು. ಬಂದವರು ಸಮುದ್ರದಲ್ಲಿ ಮಿಂದು, ಅರ್ಧ ಬೀಚನ್ನು ಕಾಲಲ್ಲಿ ಹೊತ್ತು ತಂದು ಬಾತ್‌ರೂಮಿನಲ್ಲಿ ಉದುರಿಸುತ್ತಾರೆ. ಆ ಹೊಯ್ಗೆ, ಆ ಮರಳು, ನೀರು ಹಾಕಿದರೆ ಹೋಗುವುದಿಲ್ಲ. ಬಗ್ಗಿ ಕೈಯಲ್ಲೇ ಬಾಚಬೇಕು. ಒಂದು ರೂಮು ಮುಗಿಸಿ ನೆಟ್ಟಗೆ ನಿಂತರೆ ಸೊಂಟದಲ್ಲಿ ಚಳಕು. ಅಷ್ಟರಲ್ಲಿ ಮುಂದಿನ ರೂಮಿನ ಬಾಗಿಲು ತೆರೆದಿರುತ್ತದೆ.

ಧನ್ಯಾ ನನ್ನ ಒಬ್ಬಳೇ ಮಗಳು. ಹುಟ್ಟುವಾಗ ಅಳಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ರಿಕ್ಷಾದಲ್ಲಿ ಹೆರಿಗೆಯಾಯಿತು. ತಲೆಗೆ ಉಸಿರು ಸಾಲಲಿಲ್ಲ ಎಂದರು ಡಾಕ್ಟರು. ಬುದ್ಧಿಗೆ ಎಂತದೂ ಆಗಿಲ್ಲ, ಕೈಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ. ಎರಡೂ ಕಾಲು ಒಂದರ ಮೇಲೊಂದು ಕತ್ತರಿ ಹಾಕಿಕೊಂಡು ಸೆಟೆಯುತ್ತವೆ. ಚಡ್ಡಿ ಹಾಕಬೇಕಾದರೆ ಆ ತೊಡೆಗಳ ನಡುವೆ ನನ್ನ ಮೊಣಕೈ ತೂರಿಸಿ ಬಿಡಿಸಬೇಕು. ಮಾತು ನಿಧಾನ. ಆದರೆ ಆಡಿದರೆ ತಾಗುವಂತೆ ಆಡುತ್ತಾಳೆ. ಓರಗೆಯವರು ನಾಲ್ಕನೇ ಕ್ಲಾಸಿನಲ್ಲಿದ್ದಾರೆ, ಇವಳು ಮನೆಯಲ್ಲಿದ್ದಾಳೆ. ಶಾಲೆಯ ಮೆಟ್ಟಿಲು ಹತ್ತಿಸುವವರಿಲ್ಲ. ಅವಳ ಅಪ್ಪ ಹೊನ್ನಾವರದ ಕಾಸರಕೋಡಿನಲ್ಲಿ ಮೀನಿನ ಬೋಟಿಗೆ ಹೋಗುತ್ತಾನೆ, ಮನೆಗೆ ಬಂದಾಗ ನೆಂಟ. ಎಲ್ಲಿಗೆ ಹೋಗುವುದಾದರೂ ನಾನೇ ಸೊಂಟದ ಮೇಲೆ ಹೊರುತ್ತೇನೆ. ಅವಳು ಬೆಳೆಯುತ್ತಿದ್ದಾಳೆ. ನನ್ನ ಸೊಂಟ ಸವೆಯುತ್ತಿದೆ.

ನೀರಿನ ವಿಚಾರ ತೆಗೆದವರು ಉಮಾ ಮೇಡಂ. ಕುಮಟಾದವರು. ಇಂಥ ಮಕ್ಕಳ ಕೈಕಾಲಿಗೆ ವ್ಯಾಯಾಮ ಮಾಡಿಸುವುದೇ ಅವರ ಓದು, ಅವರ ಕೆಲಸ. ಒಮ್ಮೆ ಧನ್ಯಾಳ ಕಾಲು ಹಿಡಿದು ನೋಡಿ ಹೇಳಿದರು.

"ನೆಲದ ಮೇಲೆ ಅವ್ಳ ಮೈ ಅವ್ಳಿಗೇ ಭಾರ ಲಕ್ಕಿ. ನೀರಲ್ಲಿ ಆ ಭಾರ ನೀರು ಹೊರ್ತದೆ. ಒಂದ್ಸಲ ಇಳ್ಸಿ ನೋಡುವ."

ನೀರು ಎಲ್ಲಿದೆ ಎಂದು ಹುಡುಕಿದೆವು. ಕಣ್ಣ ಮುಂದೆ ಇಡೀ ಕಡಲಿದೆ, ಅದಕ್ಕೆ ತೆರೆ. ಹೊನ್ನಾವರದಲ್ಲಿ ಶರಾವತಿ ಇದೆ, ಅದಕ್ಕೆ ಸೆಳೆತ. ನಮ್ಮೂರ ದೇವಸ್ಥಾನದ ಕೆರೆ ಮಕ್ಕಳ ಎದೆಮಟ್ಟಕ್ಕೆ ಸರಿಯಾಗಿ ನಿಂತ ನೀರು. ಆದರೆ ನಮ್ಮ ಕೇರಿಯವರು ಅದಕ್ಕೆ ಕಾಲಿಟ್ಟವರಲ್ಲ. ನನ್ನ ಅಜ್ಜಿಯ ಕೊಡಕ್ಕೆ ಯಾರಾದರೂ ಮೇಲಿನಿಂದ ಎತ್ತಿ ಹೊಯ್ಯಬೇಕಿತ್ತು. ಈಗ ಯಾರೂ ಬೇಡ ಎನ್ನುವುದಿಲ್ಲವಂತೆ. ಬಾ ಎಂದೂ ಯಾರೂ ಹೇಳಿಲ್ಲ.

ಕಡೆಗೆ ಉಮಾ ಮೇಡಂ ನಮ್ಮ ರೆಸಾರ್ಟಿನ ಮಾಲಕರನ್ನೇ ಹಿಡಿದರು. ದೊಡ್ಡ ಪೂಲಿನ ಪಕ್ಕದಲ್ಲಿ ಗೆಸ್ಟುಗಳ ಮಕ್ಕಳಿಗೆಂದು ಒಂದು ಸಣ್ಣ ಪೂಲ್ ಇದೆ. ಸುತ್ತ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಇಳಿಯಲು ಮೆಟ್ಟಿಲು. ಸೋಮವಾರ ಮಧ್ಯಾಹ್ನ ಅದನ್ನು ಕೊಡುವುದೆಂದು ಆಯಿತು. ಆ ಹೊತ್ತಿಗೆ ಬಿಸಿಲಿಗೆ ನೀರು ಬೆಚ್ಚಗೆ ಆಗಿರುತ್ತದೆ, ಗೆಸ್ಟುಗಳು ಉಂಡು ಮಲಗಿರುತ್ತಾರೆ. ಮೊದಲ ದಿನ ಬ್ಯಾನರ್ ಕಟ್ಟಿದರು, ಮಕ್ಕಳ ಕೈಗೆ ಗುಲಾಬಿ ಕೊಟ್ಟು ಫೋಟೋ ತೆಗೆದರು. ವಿಶೇಷ ಮಕ್ಕಳು, ದೇವರ ಮಕ್ಕಳು ಎಂದು ಭಾಷಣ ಮಾಡಿದರು. ದೇವರ ಮಕ್ಕಳ ತಾಯಂದಿರು ಮಾತ್ರ ನೀರಿಗೆ ಇಳಿಯುವಂತಿಲ್ಲ, ಅಂಚಿನಲ್ಲೇ ಕೂತಿರಬೇಕು ಎಂದು ಮ್ಯಾನೇಜರ್ ದಿನಕರ ನಮಗೆ ಬೇರೆಯಾಗಿ ಹೇಳಿದ.

ನಾನು ಅಂಚಿನಲ್ಲೇ ಕೂತು ನೋಡಿದೆ. ಉಮಾ ಮೇಡಂ ಧನ್ಯಾಳನ್ನು ಎದೆಗೆ ಒರಗಿಸಿಕೊಂಡು ನೀರಿನಲ್ಲಿ ಅತ್ತಿತ್ತ ತೂಗಿದರು. ಮೊದಲು ಅವಳು ಹೆದರಿ ಅವರ ಕುತ್ತಿಗೆ ಪರಚಿದಳು. ಸ್ವಲ್ಪ ಹೊತ್ತಿಗೆ ಕೈ ಬಿಟ್ಟಳು. ಕತ್ತರಿ ಹಾಕಿದ ಕಾಲುಗಳು ಮೆಲ್ಲಗೆ ಬಿಚ್ಚಿಕೊಂಡವು. ನಾನು ಮೊಣಕೈ ಕೊಟ್ಟು ಬಿಡಿಸುತ್ತಿದ್ದ ಕಾಲುಗಳು ತಾವೇ ಬಿಚ್ಚಿಕೊಂಡವು. ಮಳೆಗಾಲ ಮುಗಿದು ಚಳಿ ಬರುವಷ್ಟರಲ್ಲಿ ಅವಳು ಎದೆಮಟ್ಟ ನೀರಿನಲ್ಲಿ ಕಂಬಿ ಹಿಡಿದು ತನ್ನ ಕಾಲ ಮೇಲೆ ತಾನು ನಿಂತಳು. ನಿಂತು ನನ್ನ ಕಡೆ ನೋಡಿದಳು. ಅವಳನ್ನು ನಾನು ನಿಂತಂತೆ ಕಂಡದ್ದು ಅದೇ ಮೊದಲು. ಅವಳು ಅಷ್ಟು ಉದ್ದ ಇದ್ದಾಳೆಂದು ಹೆತ್ತ ನನಗೇ ಗೊತ್ತಿರಲಿಲ್ಲ. ನನಗೆ ಅಳು ಬಂತು, ಸೆರಗು ಬಾಯಿಗೆ ತುರುಕಿಕೊಂಡೆ.

"ಅಮಾ, ಎಂತಕ್ಕೆ ಅಳ್ತಿ? ನಿಂತದ್ದು ನಾ, ಬಿದ್ದದ್ದು ನೀನಾ?" ಎಂದಳು.

ಮಕ್ಕಳೆಲ್ಲ ಹೋದ ಮೇಲೆ ನನ್ನ ಇನ್ನೊಂದು ಕೆಲಸ ಶುರು. ಪಂಪಿನ ಬೊಮ್ಮಯ್ಯಣ್ಣ ವಾಲ್ವ್ ತಿರುಗಿಸಿ ನೀರನ್ನೆಲ್ಲ ಗಟಾರಕ್ಕೆ ಬಿಡುತ್ತಿದ್ದ. ನಾನು ಸೀರೆ ಎತ್ತಿ ಕಟ್ಟಿ ಒಳಗೆ ಇಳಿದು ಗೋಡೆ, ನೆಲ, ಮೆಟ್ಟಿಲು, ಕಂಬಿ ಎಲ್ಲ ತಿಕ್ಕುತ್ತಿದ್ದೆ. ಬ್ಲೀಚಿಂಗ್ ಪೌಡರಿಗೆ ಕಣ್ಣು ಉರಿ, ಬೆರಳ ಸಂದಿಯಲ್ಲಿ ಚರ್ಮ ಸುಲಿದು ಬರುತ್ತಿತ್ತು. ಆ ಕೈಯಲ್ಲಿ ರಾತ್ರಿ ಮೀನು ಸಾರಿನ ಖಾರ ಕಲಸಿದರೆ ಜೀವ ಹೋಗುತ್ತಿತ್ತು. ಧನ್ಯಾ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟವೆಲ್ ಸುತ್ತಿಕೊಂಡು ಕೂತು ನನ್ನನ್ನು ನೋಡುತ್ತಿದ್ದಳು.

"ಅಮಾ, ಆ ಮೂಲೆ ಬಿಟ್ಟೆ."

"ನೀ ಸುಮ್ನೆ ಕೂತ್ಕ, ದೊಡ್ಡ ಸೂಪರ್‌ವೈಸರ್."

ಅವಳು ನಗುತ್ತಿದ್ದಳು. ನನಗೂ ನಗು ಬರುತ್ತಿತ್ತು. ಕ್ಲೀನ್ ಇರಬೇಕು, ಹೈಜೀನ್ ಎಂದು ದಿನಕರ ಹೇಳಿದ್ದ. ಪೂಲನ್ನು ಹೀಗೆ ವಾರ ವಾರ ತೊಳೆಯುವುದು ಅವರ ಕ್ರಮ ಎಂದುಕೊಂಡಿದ್ದೆ. ನಮ್ಮ ಮಕ್ಕಳು ನೀರು ಕುಡಿಯುತ್ತವೆ, ಬೇಗ ಶೀತ ಹಿಡಿಯುತ್ತದೆ, ಅದಕ್ಕೇ ಇಷ್ಟು ಕಾಳಜಿ ಎಂದುಕೊಂಡಿದ್ದೆ. ಕೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ ಕೂಡ.

ಏಪ್ರಿಲ್ ಬಂತು. ಕಡಲ ಬದಿಯ ನಮ್ಮ ಕೇರಿಯ ಬಾವಿಯ ನೀರು ಉಪ್ಪಾಯಿತು. ಪಂಚಾಯ್ತಿಯ ಟ್ಯಾಂಕರ್ ಬಂದ ದಿನ ಬಂತು, ಬಾರದ ದಿನ ಇಲ್ಲ. ಒಂದು ಬೆಳಿಗ್ಗೆ ಟ್ಯಾಂಕರಿನ ಹತ್ತಿರ ನಾನು ಕೊಡ ಇಟ್ಟೆ. ಪಕ್ಕದ ಮನೆಯ ಮಾಸ್ತಮ್ಮಕ್ಕ ಅದನ್ನು ಎತ್ತಿ ಆಚೆ ಇಟ್ಟಳು.

"ನಿಂಗೆ ಎಂತಕ್ಕೆ ನೀರು? ನಿಂಗೆ ಅಲ್ಲಿ ಕೆರೆಗಟ್ಲೆ ಇತ್ತಲ್ಲ."

"ಎಂತ ಮಾತಕ್ಕಾ ಇದು?"

"ಮತ್ತೆಂತ? ನಿನ್ನ ಮಗ್ಳು ಮಿಂದದ್ದೇ ಸೈ, ಆ ನೀರ್ನೆಲ್ಲ ಗಟಾರಕ್ಕೆ ಬಿಡ್ತಾರಂತೆ. ನಾವ್ ಇಲ್ಲಿ ಕುಂಡೆ ತೊಳೂಕೆ ನೀರಿಲ್ದೆ ಸಾಯ್ತಿದ್ದೇವೆ. ಒಬ್ಳ ಮೀಯೂಕೆ ಊರ್ ನೀರ್ ಬೇಕಾ ಮರಾಯ್ತಿ?"

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಧನ್ಯಾಳನ್ನು ಎತ್ತಿ ಬೆಳೆಸಿದ ಹೆಂಗಸು ಅವಳು. ಅವಳ ಸೊಸೆ ಬಾಣಂತಿ, ಮನೆಯಲ್ಲಿ ಹಸಿ ಮಗು. ಸಿಹಿನೀರಿನ ಗಟಾರ ನೋಡಿದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ. ಬರಿಗೊಡ ತಕ್ಕೊಂಡು ಮನೆಗೆ ಬಂದೆ. ಅವತ್ತು ನನಗೆ ಮೊದಲ ಬಾರಿಗೆ ತಲೆ ಓಡಿತು. ಬೇಸಿಗೆಯಲ್ಲಿ ರೆಸಾರ್ಟಿಗೂ ನೀರು ಕಷ್ಟವೇ. ಗೆಸ್ಟುಗಳ ಟವೆಲನ್ನು ದಿನಾ ಒಗೆಯಬೇಡ ಎಂದು ನಮಗೆ ಹೇಳುತ್ತಾರೆ. ಹಾಗಿದ್ದವರು ಸೋಮವಾರ ಮಾತ್ರ ತುಂಬಿದ ಪೂಲನ್ನು ಎಂತಕ್ಕೆ ಚೆಲ್ಲುತ್ತಾರೆ?

ಬೊಮ್ಮಯ್ಯಣ್ಣನನ್ನು ಕೇಳಿದೆ. ಪಂಪಿನ ಮನೆಯ ಹೊಸ್ತಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಬೊಮ್ಮಯ್ಯಣ್ಣ, ದೊಡ್ಡ ಪೂಲನ್ನ ಎಷ್ಟ್ ದಿನಕ್ಕೆ ಖಾಲಿ ಮಾಡ್ತ್ರಿ?"

"ವರ್ಷಕ್ಕೊಂದ್ಸಲ. ಮಳೆಗಾಲಕ್ಕೆ ಮುಂಚೆ."

"ಸಣ್ಣದನ್ನ?"

ಅವನು ಬೀಡಿ ನೋಡಿದ. ನನ್ನನ್ನು ನೋಡಲಿಲ್ಲ.

"ಅದ್ನೂ ಹಂಗೇ ಮಾಡ್ತಿದ್ದದ್ದು. ಫಿಲ್ಟರ್ ಇತ್ತಲ್ಲ, ಔಷಧಿ ಹಾಕ್ರೆ ಆತು."

"ಗೆಸ್ಟ್ ಮಕ್ಕಳು ಉಚ್ಚೆ ಹೊಯ್ರೆ?"

"ಔಷಧಿ."

"ಹೊಸವರ್ಷಕ್ಕೆ ಕುಡ್ದವ ಒಬ್ಬ ವಾಂತಿ ಮಾಡಿದ್ನಲ್ಲ ಅದ್ರಲ್ಲೇ?"

"ಬಲೆ ಹಾಕಿ ತೆಗ್ದೆ. ಔಷಧಿ ಹಾಕ್ದೆ." ಬೀಡಿಯನ್ನು ನೆಲಕ್ಕೆ ಉಜ್ಜಿದ. "ನಂಗೆ ಬೇಜಾರೇ ಲಕ್ಕಿ. ನಾ ಎಂತ ಮಾಡೂದು? ಸೋಮವಾರದ ನೀರು ಇಡೂಕೆ ಆಗ್ದು ಅಂತ ಆರ್ಡರು."

ಇಷ್ಟು ದಿನ ನಾನು ತಿಕ್ಕಿದ್ದು ಎಂತದು ಎಂದು ಆಗ ಗೊತ್ತಾಯಿತು. ಪೂಲಿಗೆ ಕೊಳೆ ಇರಲಿಲ್ಲ. ನನ್ನ ಮಗಳು ಅಲ್ಲಿ ಇದ್ದಳು ಎನ್ನುವುದನ್ನೇ ತಿಕ್ಕಿ ತೆಗೆಸುತ್ತಿದ್ದರು. ತೆಗೆಯಲು ನನ್ನ ಕೈಯೇ ಬೇಕಾಗಿತ್ತು. ನನ್ನ ಅಜ್ಜಿಗೆ ಮೈಲಿಗೆ ಎಂದರು. ನನಗೆ ಹೈಜೀನ್ ಎಂದರು. ಅಜ್ಜಿಗಾದರೂ ತನ್ನನ್ನು ಎಂತ ಅನ್ನುತ್ತಿದ್ದಾರೆ ಎಂದು ಗೊತ್ತಿತ್ತು.

ದಿನಕರನ ಹತ್ತಿರ ಹೋದೆ. ಅವನೂ ನಮ್ಮ ಕಡೆಯ ಹುಡುಗನೇ, ಶಿರಾಲಿಯವನು. ಹೊರಗೆ ಸಿಕ್ಕಿದರೆ ದಿನಕರಣ್ಣ, ಗೆಸ್ಟುಗಳ ಎದುರು ಸರ್. ಬಯ್ಯುವವನಲ್ಲ. ಬಯ್ಯದವರ ಹತ್ತಿರ ಜಗಳ ಮಾಡುವುದು ಇನ್ನೂ ಕಷ್ಟ.

"ಕೂತ್ಕ ಲಕ್ಕಿ," ಎಂದ. ಕೂರಲು ಕುರ್ಚಿ ಇರಲಿಲ್ಲ. "ನಿನ್ ಬೇಜಾರು ನಂಗೆ ಅರ್ಥ ಆಗ್ತದೆ. ನಾನು ಹಾಂಗೆಲ್ಲ ಎಣಿಸುವವ ಅಲ್ಲ. ಗೆಸ್ಟ್‌ಗಳಿಗೆ ಮನಸ್ಸಿಗೆ ಬರೂದಿಲ್ಲ. ಈ ಮಕ್ಕಳು ಜೊಲ್ಲು ಸುರ್ಸ್ತವೆ, ಹೇಳೂಕೆ ಬರೂದಿಲ್ಲ, ಅಲ್ಲೇ ಎಲ್ಲ ಮಾಡ್ತವೆ."

"ನನ್ ಮಗ್ಳು ಹೇಳ್ತಳೆ."

"ಎಲ್ಲರ್ದೂ ಹೇಳ್ದೆ. ಗೆಸ್ಟ್ ಕೇಳಿದ್ರೆ ನಾ ಎಂತ ಹೇಳ್ಲಿ?"

"ಯಾರ್ ಕೇಳಿದ್ರು?"

ಅವನು ಕಂಪ್ಯೂಟರ್ ಕಡೆ ತಿರುಗಿದ. "ನಿಂಗೆ ತೊಳೂಕೆ ಬೇಜಾರಾದ್ರೆ ಬೇರೆಯವ್ರಿಗೆ ಹೇಳ್ತೆ. ಇಲ್ಲ, ನೀರೇ ಬೇಡ ಅಂದ್ರೆ ಅದ್ನೂ ಹೇಳು. ಮಾಲಕ್ರಿಗೆ ನೀರಿನ ಖರ್ಚು ಉಳೀತದೆ."

ಬೇಡ ಎನ್ನಬೇಕಿತ್ತು. ಎಂದರೆ ಧನ್ಯಾ ಎಲ್ಲಿ ನಿಲ್ಲಬೇಕು? ವಾರವಿಡೀ ಮಲಗಿರುವ ಹುಡುಗಿ, ಒಂದು ಮಧ್ಯಾಹ್ನ ಮಾತ್ರ ಎಲ್ಲರಂತೆ ನಿಲ್ಲುತ್ತಾಳೆ. ಭಾನುವಾರವೇ ಚೀಲಕ್ಕೆ ಟವೆಲ್ ತುಂಬಿಸಿಕೊಂಡು ಕೂರುತ್ತಾಳೆ. ನಾನು ನುಂಗಿಕೊಂಡೆ. ತೊಳೆಯುತ್ತೇನೆ ಸರ್ ಎಂದೆ. ಬೇರೆಯವಳು ಬಂದು ನನ್ನ ಮಗಳು ಮುಟ್ಟಿದ ಕಂಬಿಯನ್ನು ಮುಖ ಸಿಂಡರಿಸಿಕೊಂಡು ಉಜ್ಜುವುದು ನನಗೆ ಬೇಡವಾಗಿತ್ತು.

ಉಮಾ ಮೇಡಂಗೂ ಗೊತ್ತಿತ್ತು. ಕೇಳಿದಾಗ ಅವರು ತಲೆ ಒರೆಸಿಕೊಳ್ಳುತ್ತ ನಿಂತರು. "ಈ ಜಾಗ ಹೋದ್ರೆ ಎಲ್ಲಿಗೆ ಹೋಗೂದು ಲಕ್ಕಿ? ಕುಮಟಾದಿಂದ ಭಟ್ಕಳದವರೆಗೆ ಬೇರೆ ಯಾರೂ ಕೊಡ್ಲಿಲ್ಲ. ಕೇಳದೆ ಬಿಟ್ಟವ್ಳಲ್ಲ ನಾನು." ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಅವರೂ ನನ್ನಂತೆಯೇ ದಣಿದವರು ಎಂದು ಸುಮ್ಮನಾದೆ.

ಉಳಿದ ತಾಯಂದಿರಿಗೂ ತಿಳಿಯಿತು. ಒಬ್ಬೊಬ್ಬರೂ ಅದಕ್ಕೆ ಒಂದೊಂದು ಕಾರಣ ಹುಡುಕಿದರು. ಭಟ್ಕಳದಿಂದ ಮಗನನ್ನು ಕರೆತರುವ ಮೈಮೂನಾ, ತಾನು ಬುರ್ಖಾದಲ್ಲಿ ಬಂದು ಅಂಚಿನಲ್ಲಿ ಕೂರುವುದಕ್ಕೆ ಹೀಗೆ ಮಾಡುತ್ತಾರೋ ಏನೋ ಎಂದು ಮೆಲ್ಲಗೆ ಕೇಳಿದಳು. ಹೊನ್ನಾವರದ ಮೂಕಾಂಬಿಕಾ ಅಮ್ಮ ಮೆಲ್ಲಗೆ ಕೇಳುವವರಲ್ಲ. ಅವರ ಯಜಮಾನರು ಬ್ಯಾಂಕಿನಲ್ಲಿ ಇದ್ದಾರೆ, ಮಗ ಶಿಶಿರನನ್ನು ಕಾರಿನಲ್ಲಿ ತರುತ್ತಾರೆ. ಶಿಶಿರನಿಗೆ ಕುತ್ತಿಗೆ ನಿಲ್ಲುವುದಿಲ್ಲ, ಮಾತು ಬರುವುದಿಲ್ಲ. ನೀರಿನಲ್ಲಿ ಮಾತ್ರ ಗಟ್ಟಿಯಾಗಿ ನಗುತ್ತಾನೆ.

"ಬೇಜಾರ ಮಾಡ್ಕಳಡ ಲಕ್ಕಿ," ಎಂದರು ಅವರು. "ಇದ್ದದ್ದು ಹೇಳ್ತೆ. ಎಲ್ಲಾ ನಮೂನೆಯವ್ರೂ ಇಳೀತ್ರಲ್ಲ, ಅದಕ್ಕೆ ಅವ್ರೂ ನೋಡ್ತ. ನಮ್ಮ ಶಿಶಿರ ಒಬ್ಬನೇ ಆಗಿದ್ರೆ ಹೀಂಗೆ ಮಾಡ್ತಿದ್ವಿಲ್ಲೆ."

ನಾನು ಅವರ ಕೈಯಿಂದ ಜಾರಿದ ಶಿಶಿರನ ಟವೆಲನ್ನು ಎತ್ತಿ ಕೊಟ್ಟೆ. ಅವರು ಅದನ್ನು ಒಂದು ಸಲ ಕೊಡವಿ ತೆಗೆದುಕೊಂಡರು.

ಮೇ ತಿಂಗಳ ಒಂದು ಸೋಮವಾರ ಮದುವೆ ದಿಬ್ಬಣ ಬರುವುದಿತ್ತು. ಹುಬ್ಬಳ್ಳಿ ಕಡೆಯವರು, ಇಡೀ ರೆಸಾರ್ಟು ಬುಕ್ಕಾಗಿತ್ತು. ಸಂಜೆಗೆ ಬರಬೇಕಾದವರು ಮಧ್ಯಾಹ್ನವೇ ಬಂದರು. ನಮ್ಮ ಮಕ್ಕಳು ಆಗಷ್ಟೇ ಇಳಿದಿದ್ದರು. ಧನ್ಯಾ ಕಂಬಿ ಹಿಡಿದು ನಿಂತಿದ್ದಳು. ಶಿಶಿರ ಉಮಾ ಮೇಡಂ ತೋಳಿನಲ್ಲಿ ಅಂಗಾತ ತೇಲುತ್ತಿದ್ದ. ಮೈಮೂನಾಳ ಮಗ ರಬ್ಬರ್ ಟ್ಯೂಬಿನಲ್ಲಿ ಇದ್ದ.

ದಿಬ್ಬಣದ ಮಕ್ಕಳು ಬಸ್ಸಿಳಿದು ನೇರ ಪೂಲಿಗೇ ಓಡಿ ಬಂದವು. ಹಿಂದೆಯೇ ದೊಡ್ಡವರು. ಅವರ ಹಿಂದೆ ಬೆವರು ಒರೆಸಿಕೊಳ್ಳುತ್ತ ದಿನಕರ.

"ಮೇಡಂ, ಮಕ್ಕಳನ್ನ ತೆಗೀರಿ. ಇವತ್ತಿಗೆ ಸಾಕು."

"ಈಗ ಇಳ್ಸಿದ್ದಷ್ಟೇ ಸರ್. ಅರ್ಧ ಗಂಟೆ ಕೊಡಿ," ಎಂದರು ಉಮಾ ಮೇಡಂ.

ದಿಬ್ಬಣದ ಹಿರಿಯರೊಬ್ಬರು ಕೈ ಅಡ್ಡ ಮಾಡಿದರು. "ಇರ್ಲಿ ಬಿಡ್ರಿ. ಅವೂ ಆಡ್ಲಿ, ನಮ್ಮ ಹುಡುಗ್ರೂ ಇಳೀತಾವ. ಜಾಗಾ ಬೇಕಾದಷ್ಟ ಐತಿ."

ಅವರ ಪಕ್ಕದ ಹೆಂಗಸು ಮೆಟ್ಟಿಲಿಗೆ ಕಾಲಿಟ್ಟಿದ್ದ ತನ್ನ ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ದಿನಕರ ಅದನ್ನು ನೋಡಿದ.

"ಇಲ್ಲ ಸರ್, ನೀರು ಪೂರ್ತಿ ಬದಲ್ಸಿ ಕೊಡ್ತೇವೆ," ಎಂದ, ಎಲ್ಲರಿಗೂ ಕೇಳುವಂತೆ. "ಈ ಮಕ್ಕಳು ಇಳಿದ್ಮೇಲೆ ನಾವು ಒಂದು ಹನಿ ಉಳ್ಸೂದಿಲ್ಲ. ಬ್ಲೀಚಿಂಗ್ ಹಾಕಿ ತೊಳ್ಸಿಯೇ ಕೊಡೂದು. ಹೈಜೀನಲ್ಲಿ ನಾವು ಕಾಂಪ್ರಮೈಸ್ ಮಾಡೂದಿಲ್ಲ."

ಧನ್ಯಾ ಕಂಬಿಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಬಾಯಿ ಸೊಟ್ಟಗಾಯಿತು. ಮಾತು ಹೊರಡಲು ಹೊತ್ತು ಹಿಡಿಯಿತು.

"ಅಮಾ, ನಾ ಉಚ್ಚೆ ಹೊಯ್ಯಲಿಲ್ಲ. ದೇವ್ರಾಣೆ."

ಮತ್ತೆ ಹೇಳಿದಳು. ನನಗೆ ಅಲ್ಲ, ದಿನಕರನಿಗೆ. "ನಾ ಹೊಯ್ಯಲಿಲ್ಲ."

ಎಷ್ಟೋ ದಿನದಿಂದ ನಾನು ತಿಕ್ಕುವುದನ್ನು ಅವಳು ಕುರ್ಚಿಯಲ್ಲಿ ಕೂತು ನೋಡಿದ್ದಳು. ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ ಎಂದು ನಕ್ಕಿದ್ದಳು. ಈಗ ಅವಳಿಗೂ ತಿಳಿಯಿತು. ಅವಳಿಗೆ ತಿಳಿಯಿತು ಎನ್ನುವುದನ್ನು ನಾನು ನುಂಗಿಕೊಳ್ಳಲು ಆಗಲಿಲ್ಲ. ಉಳಿದದ್ದೆಲ್ಲ ನುಂಗಿದ್ದೆ.

"ಲಕ್ಕಿ, ಮಗ್ಳನ್ನ ಎತ್ಕ," ಎಂದ ದಿನಕರ.

ನಾನು ಎದ್ದೆ. ಚಪ್ಪಲಿ ಬಿಟ್ಟೆ. ರೆಸಾರ್ಟಿನ ನೀಲಿ ಸೀರೆಯಲ್ಲೇ ಮೆಟ್ಟಿಲಿಳಿದು ನೀರಿಗೆ ಹೋದೆ. ಅಷ್ಟು ಸಲ ತೊಳೆದ ಪೂಲಿನಲ್ಲಿ ನೀರಿರುವಾಗ ನಾನು ಇಳಿದದ್ದು ಅವತ್ತೇ. ನೀರು ಬೆಚ್ಚಗಿತ್ತು. ಸೀರೆ ಉಬ್ಬಿ ಮೇಲೆ ಬಂತು. ಮೊಣಕಾಲು ಮಡಚಿ ಕುತ್ತಿಗೆಮಟ್ಟ ಮುಳುಗಿದೆ. ಹೆರಿಗೆಯಾದಾಗಿನಿಂದ ನನ್ನ ಸೊಂಟದಲ್ಲಿ ಕೂತ ನೋವು ಒಮ್ಮೆಗೇ ಹಗುರಾಯಿತು. ಓ, ಇವಳು ವಾರವಿಡೀ ಕಾಯುವುದು ಇದಕ್ಕಾ ಅನ್ನಿಸಿತು. ಅಲ್ಲೇ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಮಲಗಿಬಿಡೋಣ ಅನ್ನಿಸಿತು.

"ಲಕ್ಕಿ, ಎಂತ ಇದು? ಮೇಲೆ ಬಾ."

"ಬರೂದಿಲ್ಲ. ಅವ್ಳ ಹೊತ್ತು ಮುಗೀಲಿಲ್ಲ."

"ತಮಾಷೆ ಮಾಡ್ಬೇಡ. ಗೆಸ್ಟ್ ಇದ್ದಾರೆ."

"ಇರ್ಲಿ."

ಅವನು ಬೊಮ್ಮಯ್ಯಣ್ಣನನ್ನು ಕೂಗಿ ವಾಲ್ವ್ ಬಿಡಲು ಹೇಳಿದ. ನೀರು ಇಳಿದರೆ ತಾವಾಗಿ ಏಳುತ್ತಾರೆ ಎಂದು ಅವನ ಲೆಕ್ಕ. ಬೊಮ್ಮಯ್ಯಣ್ಣ, ಮಕ್ಕಳು ಒಳಗಿದ್ದಾರೆ ಸರ್ ಎಂದ. ದಿನಕರ ಮತ್ತೊಮ್ಮೆ ಕೂಗಿದ. ಬೊಮ್ಮಯ್ಯಣ್ಣ ಪಂಪಿನ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ನನ್ನ ಕಾಲಡಿಯಲ್ಲಿ ನೀರು ಎಳೆಯತೊಡಗಿತು.

ಉಮಾ ಮೇಡಂ ಶಿಶಿರನನ್ನು ಮೆಟ್ಟಿಲ ಹತ್ತಿರ ತಂದರು. ಮೂಕಾಂಬಿಕಾ ಅಮ್ಮ ಬಗ್ಗಿ ಮಗನನ್ನು ಎತ್ತಿಕೊಂಡರು. ನಮ್ಮ ಜಗಳ ಅವರಿಗೆ ಬೇಡವಾಗಿತ್ತು. "ಬಾ ತಮಾ, ಹೋಪನ," ಎಂದು ಅವನ ಮುಖ ಒರೆಸುತ್ತ ತಿರುಗಿದರು. ಶಿಶಿರನ ಬಾಯಿಂದ ಜೊಲ್ಲು ಇಳಿದು ಮೆಟ್ಟಿಲ ಅಂಚಿಗೆ ಬಿತ್ತು.

ದಿನಕರ ಪಕ್ಕಕ್ಕೆ ಸರಿದು ನಿಂತ. "ಬೊಮ್ಮಯ್ಯ, ಈ ಮೆಟ್ಲಿಗೆ ಮೊದ್ಲು ಪೌಡರ್ ಹಾಕ್ಸು," ಎಂದ.

ಮೂಕಾಂಬಿಕಾ ಅಮ್ಮ ನಿಂತರು. ಮಗನ ಮುಖ ನೋಡಿದರು, ಮೆಟ್ಟಿಲು ನೋಡಿದರು. ಅವರ ಕುತ್ತಿಗೆ ಕೆಂಪಾಯಿತು.

"ಯಾರಿಗೆ ಪೌಡರ್ ಹಾಕ್ತೆ ನೀನು?" ಎಂದು ಕೇಳಿದರು.

"ನಿಮ್ಗಲ್ಲ ಮೇಡಂ. ಅದು ಕ್ಲೀನಿಂಗಿಗೆ."

ಅವರು ಒಳ್ಳೆಯ ಸೀರೆಯಲ್ಲೇ, ಮಗನನ್ನು ಹೊತ್ತು, ಮತ್ತೆ ಮೆಟ್ಟಿಲಿಳಿದು ಬಂದರು. ನೀರು ಆಗ ನನ್ನ ಮೊಣಕಾಲಿನ ಮಟ್ಟಕ್ಕೆ ಬಂದಿತ್ತು. ನನ್ನ ಪಕ್ಕದಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ. "ಆನು ಬತ್ನಿಲ್ಲೆ," ಎಂದರು. ನಾನು ಬರುವುದಿಲ್ಲ ಎಂದು, ದಿನಕರನಿಗೆ ಕೇಳುವಂತೆ, ತಮ್ಮ ಮನೆಮಾತಿನಲ್ಲೇ. ಅಷ್ಟು ದಿನ ಅವರು ಹೇಳಿದ್ದನ್ನು ನಾನು ಮರೆತೆ ಎಂದಲ್ಲ. ಮರೆತಿಲ್ಲ. ಆದರೆ ಸರಿದು ಜಾಗ ಕೊಟ್ಟೆ. ಮೈಮೂನಾ ಆಗಲೇ ಬುರ್ಖಾ ಮುದುರಿ ಹಿಡಿದು ಇಳಿದು ಬಂದು ಮಗನ ಟ್ಯೂಬು ಹಿಡಿದುಕೊಂಡಿದ್ದಳು. ಉಮಾ ಮೇಡಂ ಕೂಡ ಮೇಲೆ ಹೋಗಲಿಲ್ಲ.

ಧನ್ಯಾ ಕಂಬಿ ಬಿಟ್ಟಿರಲಿಲ್ಲ. ನೀರು ಅವಳ ಎದೆಯಿಂದ ಸೊಂಟಕ್ಕೆ ಇಳಿದಿತ್ತು. ಅಲ್ಲಿವರೆಗೆ ನಿಂತಿದ್ದಳು. ಈಗ ಸೊಂಟದಿಂದ ತೊಡೆಗೆ ಇಳಿಯಿತು. ಅವಳ ಕಾಲು ನಡುಗತೊಡಗಿತು. ಗಂಟಲ ನರ ಉಬ್ಬಿತು, ಬೆರಳ ಗೆಣ್ಣು ಬಿಳಿಚಿಕೊಂಡಿತು. ನಾನು ಹಿಡಿಯಲು ಹೋದೆ.

"ಬೇಡ," ಎಂದಳು.

ಇನ್ನೊಂದು ಸ್ವಲ್ಪ ಹೊತ್ತು ನಿಂತಳು. ಹೊರಲು ನೀರಿರಲಿಲ್ಲ. ಅವಳ ಮೈಯ ಭಾರ ಅವಳ ಮೇಲೆ ವಾಪಸು ಬಂತು. ಕಾಲುಗಳು ಮತ್ತೆ ಕತ್ತರಿ ಹಾಕಿಕೊಂಡವು. ಅವಳು ಕುಸಿಯುವಾಗ ನಾನು ಹಿಡಿದೆ, ಹಿಡಿದುಕೊಂಡೇ ಕೂತೆ. ನನ್ನ ಸೊಂಟದ ನೋವೂ ಅದರ ಜಾಗಕ್ಕೆ ಬಂದು ಕೂತಿತು. ನೀರಿನ ಕೊನೆಯ ಸದ್ದು ತೂತಿನಲ್ಲಿ ಕೇಳಿ ನಿಂತಿತು. ಒದ್ದೆ ಟೈಲ್ಸಿನ ಮೇಲೆ ನಾವಷ್ಟು ಜನ, ನಮ್ಮ ಮಡಿಲಲ್ಲಿ ಮಕ್ಕಳು. ಮೇಲೆ ಸುತ್ತಲೂ ದಿಬ್ಬಣ. ಯಾರೋ ಮೊಬೈಲ್ ಎತ್ತಿ ಹಿಡಿದಿದ್ದರು.

ದಿನಕರ ಅಂಚಿಗೆ ಬಂದು ಬಗ್ಗಿದ. ದನಿ ತಗ್ಗಿಸಿದ.

"ಲಕ್ಕಿ, ಕಡೇ ಸಲ ಹೇಳ್ತೆ. ಇವ್ರನ್ನ ಎಬ್ಬಿಸಿ ತೊಳೂಕೆ ಶುರು ಮಾಡು. ನಾಳೆಯಿಂದ ಕೆಲ್ಸ ಬೇಕಾ, ಬೇಡ್ವಾ?"

ಕೆಲಸ ಬೇಕು. ಬೇಡವೆನ್ನುವಷ್ಟು ಅನುಕೂಲ ನನಗಿಲ್ಲ. ನಾಳೆ ಒಲೆ ಹೇಗೆ ಹೊತ್ತಬೇಕು ಎಂದು ಆ ಒದ್ದೆ ನೆಲದ ಮೇಲೆ ಕೂತಾಗಲೂ ತಲೆಯಲ್ಲಿತ್ತು. ನನಗೆ ಧೈರ್ಯ ಬಂದಿರಲಿಲ್ಲ. ಏಳಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ, ಅಷ್ಟೇ.

"ತೊಳೂಕೆ ಅಡ್ಡಿಲ್ಲ ದಿನಕರಾ," ಎಂದೆ. ಸರ್ ಎನ್ನಲಿಲ್ಲ, ಅಣ್ಣ ಎನ್ನಲಿಲ್ಲ. "ಗಲೀಜು ಎಲ್ಲಿ ಉಂಟು ತೋರ್ಸು. ಎಲ್ರ ಎದ್ರಿಗೆ ಬೆರಳಿಟ್ಟು ತೋರ್ಸು. ಅಲ್ಲಿ ತಿಕ್ತೆ."

ಅವನ ಕೈ ಸ್ವಲ್ಪ ಮೇಲೆದ್ದಿತು. ನನ್ನ ಮಡಿಲ ಕಡೆಗೇ ಎದ್ದಿತು. ದಿಬ್ಬಣದವರು ನೋಡುತ್ತಿದ್ದರು. ಅವನು ಆ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಧನ್ಯಾ ನನ್ನ ಸೆರಗು ಎಳೆದಳು.

"ಅಮಾ, ನೀರ್ ತುಂಬ್ಸೂಕೆ ಹೇಳು."

"ಎಂತಕ್ಕೆ ಮಗಾ?"

"ನಂಗೆ ನಿಲ್ಬೇಕು."

ನಾನು ತಲೆ ಎತ್ತಿ ದಿನಕರನಿಗೆ ನೀರು ತುಂಬಿಸು ಎಂದೆ. ಅವನು ತುಂಬಿಸಲಿಲ್ಲ. ನಾವು ಏಳಲಿಲ್ಲ.